ಮೈಸೂರಿನ ಜಾವಾ ವಾಹನವೂ ಅದರ ಸವಾರರ ಸಂಪ್ರದಾಯವೂ

ಮೈಸೂರು ನಗರದ ಯಾದವಗಿರಿಯಲ್ಲಿ ೧೯೬೧ರಿಂದ ೧೯೯೬ರವರೆಗೆ ಜಾವಾ ಮತ್ತು ಯೆಜ್ಡಿ ಎಂಬ ನಾಮಧೇಯಗಳುಳ್ಳ ಮೋಟಾರು ಸೈಕಲುಗಳು ನಿರ್ಮಾಣವಾಗುತ್ತಿದ್ದುವೆಂಬುದು ಸುವಿದಿತವಾದ ಸಂಗತಿ. ಕಾರ್ಖಾನೆಯು ಮುಚ್ಚಿಹೋಗಿ ಕಾಲು ಶತಮಾನಕ್ಕೂ ಮಿಕ್ಕಿದ ಕಾಲವಾಯಿತು. ನಿರ್ಮಾಪಕನು ಇಲ್ಲದ ಮೇಲೆ ಯಂತ್ರವು ಕ್ರಮೇಣ ಗುಜರಿಯ ಪಾಲಾಗುವುದು ಲೋಕದ ವಾಡಿಕೆ. ಈ ವಾಹನಗಳ ವಿಷಯದಲ್ಲಿಯಾದರೋ ಹಾಗಾಗಲಿಲ್ಲ. ಮೈಸೂರು, ಬೆಂಗಳೂರುಗಳ ಬೀದಿಗಳಲ್ಲಿಯೂ ಹಳ್ಳಿಗಳ ಹಾದಿಗಳಲ್ಲಿಯೂ ಅವು ಇಂದಿಗೂ ಸಂಚರಿಸುತ್ತಿವೆ. ಕಾರ್ಖಾನೆ ಮುಚ್ಚಿದ ಬಳಿಕ ಹುಟ್ಟಿದ ತರುಣರೂ ಅವನ್ನು ಏರಿ ಸವಾರಿ ಮಾಡುತ್ತಾರೆ. ಆಕರವು ಬತ್ತಿದ ಮೇಲೆಯೂ ಪ್ರವಾಹವು ನಿಲ್ಲದಿರುವುದಕ್ಕೆ ಕಾರಣವೇನೆಂಬುದನ್ನೂ, ಆ ಪ್ರವಾಹಕ್ಕೆ ಈಗ ಒದಗಿರುವ ಅಪಾಯವೇನೆಂಬುದನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ನಾಮವಿಚಾರ

ಮೊದಲು ಹೆಸರುಗಳನ್ನು ವಿಚಾರಿಸೋಣ. ಜಾವಾ ಎಂಬುದನ್ನು ಕೇಳಿದವರು ಪೂರ್ವಸಮುದ್ರದ ದ್ವೀಪವೊಂದನ್ನು ನೆನೆಯುವುದು ಸಹಜ. ವಸ್ತುತಃ ಆ ದ್ವೀಪಕ್ಕೂ ಈ ವಾಹನಕ್ಕೂ ಯಾವ ಸಂಬಂಧವೂ ಇಲ್ಲ. ಚೆಕೊಸ್ಲೊವಾಕಿಯಾ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಎಂಬ ಸಂಸ್ಥೆಯಿಂದ ಮೋಟಾರು ಸೈಕಲ್ ನಿರ್ಮಾಣದ ಅಧಿಕಾರವನ್ನು ಪಡೆದು, ತನ್ನ ಹೆಸರಿನ ಆದ್ಯಕ್ಷರಗಳನ್ನೂ ಆ ಸಂಸ್ಥೆಯ ಹೆಸರಿನ ಆದ್ಯಕ್ಷರಗಳನ್ನೂ ಕೂಡಿಸಿ ಈ ಪದವನ್ನು ಮಾಡಿದನು. ಚೆಕ್ ಭಾಷೆಯಲ್ಲಿ ಇದನ್ನು 'ಯಾವಾ' ಎಂದು ಉಚ್ಚರಿಸುತ್ತಾರೆ. ಕನ್ನಡಿಗರು ಇಂಗ್ಲಿಷ್ ಅಕ್ಷರಗಳನ್ನು ಅನುಸರಿಸಿ ಜಾವಾ ಎಂದರು. ಈಗ ಅದೇ ರೂಢಿ.

೧೯೭೩ರಿಂದ ಮೈಸೂರಿನ ವಾಹನಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. ಕಾರ್ಖಾನೆಯ ಸ್ಥಾಪಕರು ಇರಾನಿ ಮನೆತನದವರು. ಇರಾನ ದೇಶದ ಯಜ಼್ದ್ ಎಂಬ ನಗರದ ಸ್ಮರಣೆಯಿಂದ ಈ ಹೆಸರಾಯಿತೆಂಬ ವಿವರಣೆಯು ಪ್ರಸಿದ್ಧವಾಗಿದೆ. ಆ ನಗರದ ಹೆಸರನ್ನು ಅವೆಸ್ತಾ ಭಾಷೆಯ 'ಯಜ಼ತ' ಶಬ್ದದೊಡನೆ ವಿದ್ವಾಂಸರು ಸಂಬಂಧಿಸುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಸಮಾನವಾದುದು ಪೂಜಾರ್ಹನೆಂಬ ಅರ್ಥದ 'ಯಜತ' ಶಬ್ದ, ಧಾತುವು 'ಯಜ್'. ಇನ್ನೊಂದು ಕೌತುಕವೂ ಇಲ್ಲಿದೆ. ಚೆಕ್ ಭಾಷೆಯಲ್ಲಿ 'ಯೆಜ಼್ದೀ' ಎಂಬ ಕ್ರಿಯಾಪದಕ್ಕೆ 'ವಾಹನದಲ್ಲಿ ಸಂಚರಿಸುತ್ತಾನೆ' ಎಂದೇ ಅರ್ಥ. ಅದರ ಮೂಲವು ಸಂಸ್ಕೃತದ 'ಯಾತಿ', 'ಯಾನ' ಮುಂತಾದ ರೂಪಗಳಿಗೆ ಆಧಾರವಾದ 'ಯಾ' ಧಾತುವಿಗೆ ಸೋದರವಾದುದು. ಒಂದು ಯಜ್ ಧಾತುವಿನ ವಂಶ, ಇನ್ನೊಂದು ಯಾ ಧಾತುವಿನ ವಂಶ. ಧ್ವನಿಸಾಮ್ಯ ಮಾತ್ರದಿಂದ ಎರಡನ್ನೂ ಒಂದೇ ಎಂದು ಎಣಿಸಬಾರದು. ಪೂಜ್ಯವೂ ಗಮನವೂ ಒಂದೇ ಹೆಸರಿನಲ್ಲಿ ಸಂಧಿಸಿದುದು ಕೇವಲ ಕಾಕತಾಲೀಯ; ಆದರೂ ಸಹೃದಯರಿಗೆ ಇದು ರುಚಿಸದೆ ಇರದು.

೨. ಕಾರ್ಖಾನೆಯ ವೃತ್ತಾಂತ

ಮುಂಬಯಿಯಲ್ಲಿ ಜಾವಾ ವಾಹನಗಳನ್ನು ಆಮದು ಮಾಡಿಕೊಂಡು ಮಾರುತ್ತಿದ್ದ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಎಂಬವರು ೧೯೬೦ರಲ್ಲಿ 'ಐಡಿಯಲ್ ಜಾವಾ' ಸಂಸ್ಥೆಯನ್ನು ಮೈಸೂರಿನಲ್ಲಿ ಸ್ಥಾಪಿಸಿದರು. ೧೯೬೧ರಲ್ಲಿ ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಕಾರ್ಖಾನೆಯ ಪ್ರಾರಂಭೋತ್ಸವವನ್ನು ನೆರವೇರಿಸಿದರು. ಮೊದಮೊದಲು ಚೆಕೊಸ್ಲೊವಾಕಿಯಾದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಬರಬರುತ್ತ ಭಾಗಗಳೂ ಇಲ್ಲಿಯೇ ತಯಾರಾದುವು. ೧೯೭೮ರಲ್ಲಿ ಹೊರಬಂದ 'ರೋಡ್‌ಕಿಂಗ್' ಎಂಬ ಮಾದರಿಯು ಬಹಳ ಪ್ರಸಿದ್ಧಿಗೆ ಬಂದಿತು.

೧೯೮೦ರ ದಶಕದ ನಡುವೆ ಜಪಾನಿನ ಸಂಸ್ಥೆಗಳ ಸಹಯೋಗದಿಂದ ೧೦೦ ಘನ ಸೆಂಟಿಮೀಟರಿನ ಸಣ್ಣ ವಾಹನಗಳು ದೇಶದಲ್ಲಿ ತಯಾರಾಗತೊಡಗಿದುವು. ಅವು ಹಗುರ, ಅವುಗಳಿಗೆ ಪೆಟ್ರೋಲಿನ ವೆಚ್ಚವೂ ಕಡಮೆ. ಹೊಗೆಯ ಪ್ರಮಾಣವನ್ನು ನಿರ್ಬಂಧಿಸುವ ನಿಯಮಗಳೂ ೧೯೯೦ರ ದಶಕದಲ್ಲಿ ಒಂದಾದಮೇಲೊಂದು ಬಂದುವು. ಈ ಎಲ್ಲ ಒತ್ತಡಗಳ ನಡುವೆ ೧೯೯೬ರಲ್ಲಿ ಕಾರ್ಖಾನೆಯು ನಿಂತಿತು. ನೂರಾರು ಮನೆಗಳ ಜೀವನಾಧಾರವು ಅದರೊಡನೆ ತಪ್ಪಿತು.

೩. ಯಂತ್ರಸ್ವರೂಪ

ಸಂಪ್ರದಾಯವನ್ನು ಅರಿಯಬೇಕಾದರೆ ಯಂತ್ರದ ಸ್ವಭಾವವನ್ನು ಮೊದಲು ಅರಿಯಬೇಕು. ಈ ವಾಹನದಲ್ಲಿ ಒಂದೇ ಸಿಲಿಂಡರು. ಅದರ ವ್ಯಾಸ ೬೫ ಮಿಲಿಮೀಟರು, ಪಿಸ್ಟನ್ನಿನ ಓಟ ೭೫ ಮಿಲಿಮೀಟರು. ಸಿಲಿಂಡರು ಒಂದಾದರೂ ಹೊಗೆಯ ಕೊಳವೆಗಳು ಎರಡು. ಆದುದರಿಂದ ಇಕ್ಕೆಲದಲ್ಲಿಯೂ ಸೈಲೆನ್ಸರು. ಎಂಜಿನ್ನು ಟೂಸ್ಟ್ರೋಕ್ ವರ್ಗದ್ದು. ಎಂದರೆ ಪಿಸ್ಟನ್ನು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಒಂದು ದಹನಕಾರ್ಯವು ಪೂರ್ತಿಯಾಗುತ್ತದೆ. ಪಿಸ್ಟನ್ನಿಗೆ ಬೇಕಾದ ಎಣ್ಣೆಗೆ ಪ್ರತ್ಯೇಕವಾದ ಮಾರ್ಗವಿಲ್ಲ. ಲೀಟರು ಪೆಟ್ರೋಲಿಗೆ ಸುಮಾರು ೪೦ ಮಿಲಿಲೀಟರಿನಂತೆ ಎಣ್ಣೆಯನ್ನು ಸವಾರನೇ ಬೆರೆಸಬೇಕು. ಎಣ್ಣೆ ಹೆಚ್ಚಾದರೆ ಹೊಗೆ. ಕಡಮೆಯಾದರೆ ಯಂತ್ರಕ್ಕೇ ಮೃತ್ಯು.

ಗೇರು ಬದಲಿಸುವ ಸನ್ನೆಯೇ ಕಿಕ್ಕಿನ ಸನ್ನೆಯೂ ಆಗಿರುವುದು ಇದರ ಇನ್ನೊಂದು ವೈಶಿಷ್ಟ್ಯ. ಎಡಗಡೆಯ ಆ ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ತುಳಿದರೆ ಎಂಜಿನ್ನು ಹೊರಡುತ್ತದೆ. ಹಿಂದಿರುಗಿ ತನ್ನ ಸ್ಥಾನಕ್ಕೆ ಬಂದಾಗ ಅದೇ ಗೇರಿನ ಸನ್ನೆ. ಮತ್ತು ಹಳೆಯ ಜಾವಾದಲ್ಲಿ ಕಾಲಿನಿಂದ ಗೇರಿನ ಸನ್ನೆಯನ್ನು ಅದುಮಿದ ಒಡನೆ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ಕೈಯಿಂದ ಹಿಡಿಯಬೇಕಾದ ಅವಶ್ಯಕತೆಯಿಲ್ಲ. ಹೊಸಬರಿಗೆ ಇದು ಮಹೋಪಕಾರವೆಂದು ತೋರುತ್ತದೆ. ಬಲ್ಲವರಾದರೋ ಇಲ್ಲಿಯೇ ಎಚ್ಚರಿಸುತ್ತಾರೆ. ಅದರ ಕಾರಣವು ಮುಂದಿನ ಪ್ರಕರಣದಲ್ಲಿ ಸ್ಪಷ್ಟವಾಗುವುದು.

೪. ಸವಾರಿಯ ವಿದ್ಯೆಯೂ ಅದರ ಪರಂಪರೆಯೂ

ಚಾಮುಂಡಿ ಬೆಟ್ಟದಿಂದಲೋ ಆಗುಂಬೆಯ ಘಟ್ಟದಿಂದಲೋ ಇಳಿಯುವ ಸವಾರನನ್ನು ಭಾವಿಸಿಕೊಳ್ಳಬೇಕು. ಇಳಿಜಾರಿನಲ್ಲಿ ಪೆಟ್ರೋಲು ಬೇಕಿಲ್ಲವೆಂದು ಆತನು ಆಕ್ಸಿಲರೇಟರನ್ನು ಪೂರ್ತಿಯಾಗಿ ಮುಚ್ಚುವುದು ಸಹಜ. ಪೆಟ್ರೋಲಿನೊಡನೆಯೇ ಎಣ್ಣೆಯೂ ಬರಬೇಕಾದುದರಿಂದ ಪೆಟ್ರೋಲು ಕಡಮೆಯಾದೊಡನೆ ಎಣ್ಣೆಯೂ ಕಡಮೆಯಾಗುತ್ತದೆ. ಅತ್ತ ಹಿಂಬದಿಯ ಚಕ್ರವು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಲೇ ಇರುತ್ತದೆ. ಎಣ್ಣೆಯಿಲ್ಲದ ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿನಲ್ಲಿ ಹಿಡಿದುಕೊಂಡರೆ ಹಿಂದಿನ ಚಕ್ರವು ತತ್‌ಕ್ಷಣ ಸ್ತಬ್ಧವಾಗಿ ಸವಾರನು ಬೀಳುತ್ತಾನೆ. ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ 'ಸೀಜ್ ಆಗುವುದು' ಎಂದು ಹೆಸರು. ಇದಕ್ಕೆ ಪರಿಹಾರಗಳು ಎರಡು. ಇಳಿಯುವಾಗ ಆಗಾಗ್ಗೆ ಆಕ್ಸಿಲರೇಟರನ್ನು ಸ್ವಲ್ಪ ತೆರೆದು ಎಂಜಿನ್ನಿಗೆ ಎಣ್ಣೆಯನ್ನು ಉಣಿಸುವುದು ಮೊದಲನೆಯದು. ಎಂಜಿನ್ನಿನ ದನಿ ಬಿಗಿದಂತೆ ಕೇಳಿಸಿದ ಒಡನೆ ಕೈಯ ಕ್ಲಚ್ಚನ್ನು ಹಿಡಿದು ಚಕ್ರವನ್ನು ಬಿಡಿಸುವುದು ಎರಡನೆಯದು. ಕಾಲಿನಿಂದಲೇ ಕ್ಲಚ್ಚು ಬಿಡುವ ವಾಹನದಲ್ಲಿ ಎಡಗೈಯು ಆಲಸ್ಯಕ್ಕೆ ಒಗ್ಗಿಹೋಗಿದ್ದರೆ ಆ ಕ್ಷಣದಲ್ಲಿ ಅದು ಒದಗದು. ಆದಕಾರಣವೇ ಗೇರಿಗೆ ಬೇಡವಾದರೂ ಎರಡು ಬೆರಳುಗಳು ಯಾವಾಗಲೂ ಕ್ಲಚ್ಚಿನ ಮೇಲಿರಬೇಕೆಂದು ಹಳಬರು ವಿಧಿಸುತ್ತಾರೆ. ಕೇವಲ ವಾಡಿಕೆಯಂತೆ ಕಾಣುವ ಈ ವಿಧಿಯ ಹಿಂದೆ ಇಷ್ಟು ದೊಡ್ಡ ಹೇತುವಿದೆ.

ರೋಗಪರೀಕ್ಷೆಯೂ ಹೀಗೆಯೇ. ಪ್ಲಗ್ಗನ್ನು ಬಿಚ್ಚಿ ನೋಡಿದಾಗ ತುದಿಯು ಕಾಫಿಯ ಬಣ್ಣದಲ್ಲಿದ್ದರೆ ಆರೋಗ್ಯ. ಕಪ್ಪಾಗಿ ಜಿಡ್ಡಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಅಧಿಕ. ಬಿಳಿಚಿದ್ದರೆ ಗಾಳಿ ಅಧಿಕವಾಗಿ ತಾಪವೇರಿದೆಯೆಂದು ತಿಳಿಯಬೇಕು. ಕಿಡಿಯ ಕಾಲವನ್ನು ನಿಯಮಿಸುವ ಪಾಯಿಂಟುಗಳ ನಡುವೆ ೦.೪ ಮಿಲಿಮೀಟರಿನ ಅಂತರವಿರಬೇಕು. ಅಳತೆಯ ತಗಡಿಲ್ಲದಾಗ ದಪ್ಪ ಕಾಗದದ ಚೂರೊಂದರಿಂದ ಅದನ್ನು ನಿರ್ಣಯಿಸುವ ಮೇಸ್ತ್ರಿಗಳಿದ್ದಾರೆ. ಬಲ ಕುಂದಿತೆಂದು ಎಂಜಿನ್ನನ್ನು ಬಿಚ್ಚಿಸಲು ಬಂದವನಿಗೆ, ಮೊದಲು ಸೈಲೆನ್ಸರಿನೊಳಗೆ ಕಟ್ಟಿರುವ ಮಸಿಯನ್ನು ತೆಗೆಸೆಂದು ಹೇಳಿ ಕಳುಹಿಸುವವನೇ ನಿಜವಾದ ವೈದ್ಯನು.

ಇಂತಹ ತಿಳಿವಳಿಕೆಯು ಕಾರ್ಖಾನೆಯ ಕೈಪಿಡಿಯಲ್ಲಿ ಸ್ವಲ್ಪ ಮಾತ್ರ ಸಿಕ್ಕುತ್ತದೆ. ಕೈಪಿಡಿಯು ಹೊಸ ಯಂತ್ರಕ್ಕಾಗಿ ಬರೆದುದು. ಐವತ್ತು ವರ್ಷ ಸವೆದ ಯಂತ್ರದ ಕಾಯಿಲೆಗಳು ಅದರ ಕರ್ತೃಗಳಿಗೆ ಗೋಚರವಾಗಿರಲಿಲ್ಲ. ಉಳಿದುದೆಲ್ಲವೂ ಮೇಸ್ತ್ರಿಯಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ, ಹಿರಿಯ ಸವಾರನಿಂದ ಕಿರಿಯನಿಗೆ ಬಾಯಿಂದ ಕಿವಿಗೂ ಕೈಯಿಂದ ಕೈಗೂ ಬಂದುದು. ಹೀಗೆ ಬಂದುದನ್ನೇ ಸಂಪ್ರದಾಯವೆನ್ನುತ್ತಾರೆ.

ಈ ಸಂಪ್ರದಾಯದವರು ಒಟ್ಟುಗೂಡುವುದಕ್ಕೆ ಒಂದು ಪರ್ವದಿನವೂ ಉಂಟು. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಅನೇಕ ದೇಶಗಳ ಸವಾರರು ಆಚರಿಸುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿಯೂ ಆಚರಣೆಯಿದೆ. ಅಲ್ಲಿ ವೃತ್ತಿಭೇದವಾಗಲಿ ವಯೋಭೇದವಾಗಲಿ ಮುಖ್ಯವಲ್ಲ. ಒಬ್ಬನ ವಾಹನವು ಹೊರಡದಿದ್ದರೆ ನಾಲ್ವರು ಪಾನಾ ಹಿಡಿದು ಬರುತ್ತಾರೆ. ದುರ್ಲಭವಾದ ಭಾಗವು ಯಾರಲ್ಲಿದೆಯೆಂಬ ವಿಚಾರಣೆ ನಡೆಯುತ್ತದೆ. ಗುಂಪಾಗಿ ಹೋಗುವಾಗ ಮಾರ್ಗಬಲ್ಲವನು ಮುಂದೆ, ಅನುಭವಿಯೂ ರಿಪೇರಿ ಬಲ್ಲವನೂ ಆದವನು ಕಟ್ಟಕಡೆಗೆ, ಹೊಸಬರು ನಡುವೆ. ಒಬ್ಬನ ನೇರ ಹಿಂದೆ ಇನ್ನೊಬ್ಬನು ಹೋಗದೆ ಎಡಬಲಗಳಾಗಿ ಸಾಗಬೇಕು. ಏಕೆಂದರೆ ಈ ಹಳೆಯ ವಾಹನಗಳ ಡ್ರಂ ಬ್ರೇಕುಗಳು ಈಗಿನ ಡಿಸ್ಕ್ ಬ್ರೇಕುಗಳಷ್ಟು ಶೀಘ್ರವಾಗಿ ನಿಲ್ಲಿಸಲಾರವು. ವೇಗವು ಎಲ್ಲರಿಗಿಂತ ನಿಧಾನವಾಗಿ ಹೋಗುವವನದು. ಪಂಕ್ತಿಯಲ್ಲಿ ಹಿಂದುಳಿದವನನ್ನು ಬಿಟ್ಟು ಹೋಗಬಾರದೆಂಬುದೇ ಈ ಸಮುದಾಯದ ಮೂಲಧರ್ಮ.

೫. ಆಕ್ಷೇಪಗಳೂ ಸಮಾಧಾನಗಳೂ

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಟೂಸ್ಟ್ರೋಕ್ ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲಿನ ಒಂದಂಶವು ಹೊಗೆಯೊಡನೆ ಹೊರಬೀಳುತ್ತದೆ, ಎಣ್ಣೆಯೂ ಸುಡುತ್ತದೆ, ಇಂತಹುದನ್ನು ಉಳಿಸುವುದು ಲೋಕಹಿತವೇ? ಈ ದೋಷವನ್ನು ಇಲ್ಲವೆನ್ನುವುದು ಸತ್ಯವಲ್ಲ. ನಿತ್ಯದ ಸಂಚಾರಕ್ಕೆ ಈ ವಾಹನವೇ ಶ್ರೇಷ್ಠವೆಂದು ಯಾರೂ ಸಾಧಿಸಬೇಕಾಗಿಯೂ ಇಲ್ಲ. ಆದರೆ ಉಳಿದಿರುವ ಸಂಖ್ಯೆ ಅಲ್ಪ, ಓಟವೂ ಅಲ್ಪ. ಎಣ್ಣೆಯ ಪ್ರಮಾಣವನ್ನೂ ಕಾರ್ಬುರೇಟರನ್ನೂ ಸರಿಯಾಗಿಟ್ಟರೆ ಹೊಗೆಯು ಬಹಳಮಟ್ಟಿಗೆ ತಗ್ಗುವುದು. ವಿದ್ಯೆ ನಶಿಸಿದಷ್ಟೂ ಹೊಗೆ ಹೆಚ್ಚುವುದೆಂಬುದನ್ನು ಗಮನಿಸಬೇಕು.

ಮತ್ತೊಂದು ಆಕ್ಷೇಪ: ೨೦೧೮ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆಯು ಜಾವಾ ಹೆಸರನ್ನೂ ೨೦೨೨ರಲ್ಲಿ ಯೆಜ್ಡಿ ಹೆಸರನ್ನೂ ಪುನಃ ಮಾರುಕಟ್ಟೆಗೆ ತಂದಿತಲ್ಲವೆ? ಹಳೆಯದರ ಚಿಂತೆಯೇಕೆ? ಸಮಾಧಾನವೇನೆಂದರೆ, ಹೆಸರು ಉಳಿದರೂ ಇಲ್ಲಿ ಅರ್ಥವು ಬೇರೆಯಾಗಿದೆ. ಹೊಸ ವಾಹನಗಳು ಫೋರ್‌ಸ್ಟ್ರೋಕ್ ಎಂಜಿನ್ನಿನವು, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದುವು. ಅವು ಯೋಗ್ಯವಾದ ವಾಹನಗಳೇ ಇರಬಹುದು. ಆದರೆ ಎಣ್ಣೆ ಬೆರೆಸುವ, ಇಳಿಜಾರಿನಲ್ಲಿ ಎಂಜಿನ್ನಿಗೆ ಉಣಿಸುವ ವಿದ್ಯೆಗೆ ಅವುಗಳಲ್ಲಿ ಅವಕಾಶವಿಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ೨೦೨೧ರಲ್ಲಿ ಕೇಂದ್ರಸರ್ಕಾರವು ಐವತ್ತು ವರ್ಷ ಮೀರಿ ಮೂಲರೂಪದಲ್ಲಿಯೇ ಇರುವ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು ನಿಯಮಗಳನ್ನು ಮಾಡಿತು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಹಾಗೆ ನೋಂದಾದ ವಾಹನವನ್ನು ಪ್ರದರ್ಶನ, ಸಂಶೋಧನೆ, ರ‍್ಯಾಲಿ, ರಿಪೇರಿ ಇತ್ಯಾದಿ ನಿಮಿತ್ತಗಳಿಗೆ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಉಪಯೋಗಕ್ಕೆ ಕೂಡದು. ಸಾಧಾರಣ ನೋಂದಣಿಯಾದರೋ ಹದಿನೈದು ವರ್ಷಗಳ ಬಳಿಕ ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕಾದುದು. ಮೊದಲನೆಯದು ವಾಹನವನ್ನು ಪ್ರತಿಮೆಯಂತೆ ಗೌರವಿಸುತ್ತದೆ. ಎರಡನೆಯದು ಅದನ್ನು ಯಾನವಾಗಿಯೇ ಇರಿಸುತ್ತದೆ. ಪ್ರತಿಮೆಯ ಗೌರವವು ಅಪೇಕ್ಷಣೀಯವೇ ಸರಿ. ಆದರೆ ಓಡದ ವಾಹನಕ್ಕೆ ರೋಗ ಬರುವುದಿಲ್ಲ, ರೋಗವಿಲ್ಲದೆಡೆ ವೈದ್ಯನು ಉಳಿಯುವುದಿಲ್ಲ, ವೈದ್ಯನಿಲ್ಲದೆ ಶಿಷ್ಯನಿಲ್ಲ. ಈ ವಿದ್ಯೆಯು ಓಟದಲ್ಲಿ ಮಾತ್ರ ಜೀವಿಸತಕ್ಕದ್ದು.

೬. ಕರ್ತವ್ಯ

ಕನ್ನಡದಲ್ಲಿ ಕುದುರೆಯ ಲಕ್ಷಣ, ರೋಗ, ಚಿಕಿತ್ಸೆಗಳನ್ನು ಕುರಿತು ಪೂರ್ವಕಾಲದಲ್ಲಿಯೇ ಗ್ರಂಥಗಳಾದುವು. ಅಭಿನವಚಂದ್ರನ ಅಶ್ವವೈದ್ಯವು ಅಂತಹುದು. ಕುದುರೆಗಳ ಸೈನ್ಯವು ಅಳಿದ ಮೇಲೆಯೂ ಆ ವಿದ್ಯೆಯ ಪದಗಳು ಗ್ರಂಥದಲ್ಲಿ ಉಳಿದುವು. ಮೈಸೂರಿನಲ್ಲಿಯೇ ಹುಟ್ಟಿದ ಈ ಯಂತ್ರಾಶ್ವದ ವೈದ್ಯಕ್ಕೆ ಅಂತಹ ಭಾಗ್ಯವು ಇನ್ನೂ ಒದಗಬೇಕಾಗಿದೆ. ಕಾರ್ಖಾನೆ ನಡೆಯುತ್ತಿದ್ದಾಗ ಕೆಲಸ ಕಲಿತವರು ಈಗ ವೃದ್ಧರು. ಅವರು ಬಳಸುವ ಪದಗಳನ್ನೂ, ರೋಗಕ್ಕೆ ಅವರು ಹೇಳುವ ಲಕ್ಷಣಗಳನ್ನೂ, ಮಾಡುವ ಚಿಕಿತ್ಸೆಗಳನ್ನೂ ಅವರ ಬಾಯಿಂದಲೇ ಕೇಳಿ ಬರೆದಿಡುವುದು ಶಾಸನಗಳನ್ನು ಪಡಿಯಚ್ಚು ತೆಗೆಯುವುದಕ್ಕಿಂತ ಕಡಮೆಯ ಕಾರ್ಯವಲ್ಲ. ಶಾಸನವು ನೂರು ವರ್ಷ ಕಾಯಬಲ್ಲುದು, ಮನುಷ್ಯನು ಕಾಯಲಾರನು.

ಸವಾರರು ವಾಹನಗಳನ್ನು ಓಡಿಸುತ್ತಿರಲಿ. ತಲೆಗೆ ಹೆಲ್ಮೆಟ್ಟನ್ನೂ ಕ್ಲಚ್ಚಿಗೆ ಎರಡು ಬೆರಳುಗಳನ್ನೂ ಮರೆಯದಿರಲಿ. ಅಕ್ಷರಬಲ್ಲವರು ಗ್ಯಾರೇಜುಗಳಿಗೆ ಹೋಗಿ ಕೇಳಿ ಬರೆಯಲಿ. ಈ ಎರಡೂ ಕೂಡಿದರೆ ಸಂಪ್ರದಾಯವು ಮುಂದಿನ ತಲೆಮಾರಿಗೆ ನಡೆದೀತು.