ಮಿಕ್ಸಿ ತಿರುಗಿಸುವ ಕೈಗೆ ಟಿಲ್ಲರ್ ಕಷ್ಟವೇ?

ಮೇ ತಿಂಗಳಲ್ಲಿ ಎರಡು ಗುಡುಗು ಮಳೆ ಬಿದ್ದರೆ ಸಾಕು, ಕಂಕನಾಡಿಯ ಹಂಚಿನ ಮನೆಗಳ ಹಿತ್ತಿಲಿಗೆ ಜೀವ ಬರುತ್ತದೆ. ಡಬ್ಬದಲ್ಲಿ ಬೂದಿ ಬೆರೆಸಿಟ್ಟ ಬೆಂಡೆ, ಹೀರೆ, ಮುಳ್ಳುಸೌತೆ ಬೀಜಗಳು ಹೊರಗೆ ಬರುತ್ತವೆ. ಮಾರ್ಕೆಟ್ ಎಷ್ಟೇ ಹತ್ತಿರವಿರಲಿ, ಮನೆಯಲ್ಲೇ ಬೆಳೆದ ಬಸಳೆಯ ರುಚಿಯೇ ಬೇರೆ, ಅಲ್ವಾ? ಆದರೆ ಮಣ್ಣು ಅಗೆಯುವವರು ಯಾರು? "ನಾಳೆ ಬರ್ತೇನೆ ಅಮ್ಮ" ಎಂದ ಕೆಲಸದವರು ಮಳೆ ಹಿಡಿದ ಮೇಲೆ ಮುಖ ತೋರಿಸುತ್ತಾರೆ. ಹಾಗಾಗಿಯೇ ಹಿತ್ತಿಲು ದೊಡ್ಡದಿರುವ ಕೆಲವು ಮನೆಗಳಿಗೆ ಪೆಟ್ರೋಲ್‌ನಲ್ಲಿ ಓಡುವ ಪುಟ್ಟ ಟಿಲ್ಲರ್ ಬಂದಿದೆ. ಬಂದು ಒಂದು ವರ್ಷ ಓಡಿ, ಮರುವರ್ಷ ಹಗ್ಗ ಎಳೆದರೂ ಕೆಮ್ಮದೆ, ಸೌದೆ ಕೊಟ್ಟಿಗೆಯ ಮೂಲೆ ಸೇರಿದ್ದೂ ಇದೆ!

"ಅದೆಲ್ಲ ಗಂಡಸರ ಕೆಲಸ, ಅವರಿಗೆ ಪುರುಸೊತ್ತಾದಾಗ ನೋಡ್ತಾರೆ" ಎಂದು ನೀವು ಸುಮ್ಮನಾದರೆ ಆ ವರ್ಷದ ತರಕಾರಿ ಹೋದಂತೆಯೇ. ನಿಜ ಹೇಳಬೇಕೆಂದರೆ ಈ ಯಂತ್ರ ದುಡಿದು ಕೆಡುವುದಕ್ಕಿಂತ ಮಳೆಗಾಲದ ನಾಲ್ಕು ತಿಂಗಳು ಸುಮ್ಮನೆ ನಿಂತು ಕೆಡುವುದೇ ಹೆಚ್ಚು. ಅದನ್ನು ತಡೆಯಲು ಮೆಕ್ಯಾನಿಕ್ ಬೇಕಿಲ್ಲ. ಮಿಕ್ಸಿ, ಕುಕ್ಕರ್ ಸಂಭಾಳಿಸುವ ನಿಮಗೆ ಒಂದು ಗಂಟೆಯ ಕೆಲಸ, ಅಷ್ಟೆ.

ಕೊಳ್ಳಬೇಕೇ, ಬಾಡಿಗೆ ಸಾಕೇ?

ಮೊದಲು ಜಾಗ ಅಳೆಯಿರಿ. ತರಕಾರಿಗೆಂದು ಇರುವುದು ಎರಡು-ಮೂರು ಸೆಂಟ್ಸ್ ಮಾತ್ರವೇ? ಹಾಗಾದರೆ ಹಾರೆ, ಪಿಕ್ಕಾಸು ಸಾಕು, ಯಂತ್ರಕ್ಕೆ ದುಡ್ಡು ಸುರಿಯಬೇಡಿ. ಹತ್ತು ಸೆಂಟ್ಸ್ ದಾಟಿದ್ದರೂ ವರ್ಷಕ್ಕೆ ಎರಡೇ ದಿನದ ಕೆಲಸವೆಂದಾದರೆ ಬಾಡಿಗೆಗೆ ತರುವುದೇ ಜಾಣತನ. 2014-15ರಲ್ಲಿ ರಾಜ್ಯ ಸರಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳು ಇರುವುದೇ ಯಂತ್ರ ಬಾಡಿಗೆಗೆ ಕೊಡುವುದಕ್ಕೆ. ಯಾವ ಮಣ್ಣಿಗೆ ಯಾವ ಬೆಳೆ ಎಂಬ ಸಲಹೆಗೆ ದೂರ ಹೋಗಬೇಕಾಗಿಲ್ಲ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ಕಂಕನಾಡಿ ಕಡೆಯೇ, ಎಕ್ಕೂರಿನ ಮೀನುಗಾರಿಕಾ ಕಾಲೇಜಿನ ಆವರಣದಲ್ಲಿದೆ.

ಕೊಳ್ಳುವುದೇ ಆದರೆ ನೀವೇ ಅಂಗಡಿಗೆ ಹೋಗಿ. ಹ್ಯಾಂಡಲ್ ಹಿಡಿದು ತಿರುಗಿಸಿ ನೋಡಿ, ಹಗ್ಗ ಎಳೆದು ನೋಡಿ. ದೊಡ್ಡ ಯಂತ್ರ ಎಪ್ಪತ್ತು-ಎಂಬತ್ತು ಕಿಲೋ ತೂಗುತ್ತದೆ, ಮೆಟ್ಟಿಲು ಇಳಿಸುವುದೇ ಕಷ್ಟ. ಮನೆ ಹಿತ್ತಿಲಿಗೆ ಎರಡು ಅಶ್ವಶಕ್ತಿಯ ಆಸುಪಾಸಿನ ಹಗುರ ಯಂತ್ರ ಸಾಕು.

ಇನ್ನೊಂದು ಮುಖ್ಯ ಪ್ರಶ್ನೆ ಕೇಳಲು ಮರೆಯಬೇಡಿ: ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ? ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಸಾಮಾನ್ಯವಾಗಿ ಲೀಟರಿಗೆ 20ರಿಂದ 40 ಮಿ.ಲೀ. ಸರಿಯಾದ ಅಳತೆ ಯಂತ್ರದ ಪುಸ್ತಕದಲ್ಲಿರುತ್ತದೆ. ಫೋರ್ ಸ್ಟ್ರೋಕ್ ಆದರೆ ಆಯಿಲ್‌ಗೆ ಬೇರೆಯೇ ಜಾಗವಿದೆ, ಪೆಟ್ರೋಲಿಗೆ ಬೆರೆಸುವಂತಿಲ್ಲ. ಇದು ಅದಲು ಬದಲಾದರೆ ಎಂಜಿನ್ ಹಾಳು!

ಸೆರಗು, ಜಡೆ, ಚಪ್ಪಲಿ... ಜೋಪಾನ

ಮಿಕ್ಸಿ ಓಡುತ್ತಿರುವಾಗ ಜಾರಿನೊಳಗೆ ಕೈ ಹಾಕುತ್ತೀರಾ? ಇಲ್ಲ ತಾನೆ? ಟಿಲ್ಲರ್ ಬ್ಲೇಡಿಗೂ ಅದೇ ನಿಯಮ.

* ಸೀರೆ, ನೈಟಿ, ದುಪ್ಪಟ್ಟಾ ಬೇಡವೇ ಬೇಡ. ಮೈಗೆ ಅಂಟಿಕೊಂಡಂತಿರುವ ಪ್ಯಾಂಟ್, ಅಂಗಿ ತೊಡಿ. ಜಡೆಯನ್ನು ಮೇಲೆತ್ತಿ ಕಟ್ಟಿ, ಬಳೆ ತೆಗೆದಿಡಿ. ಸೆರಗಿನ ತುದಿ ಬ್ಲೇಡಿಗೆ ಸಿಕ್ಕಿದರೆ ಕೂಗುವಷ್ಟೂ ಸಮಯ ಸಿಗುವುದಿಲ್ಲ.
* ಹವಾಯಿ ಚಪ್ಪಲಿ ಸಾಲದು, ಗಟ್ಟಿ ಬೂಟು ಬೇಕು. ಕಲ್ಲಿನ ಚೂರು ಹಾರುತ್ತದೆ, ಕಣ್ಣಿಗೆ ಕನ್ನಡಕ ಇರಲಿ.
* ನೀರಿನ ಪೈಪು, ನೆಲದಡಿಯ ಕರೆಂಟಿನ ವಯರ್, ಇಂಗುಗುಂಡಿ ಎಲ್ಲೆಲ್ಲಿವೆ ಎಂದು ಮನೆಯವರನ್ನು ಕೇಳಿ ಕೋಲು ನೆಟ್ಟು ಗುರುತು ಮಾಡಿ.
* ಮಕ್ಕಳು, ನಾಯಿ, ಬೆಕ್ಕು ಮನೆಯೊಳಗಿರಲಿ.
* ಕೊಟ್ಟಿಗೆಯೊಳಗೆ, ಗ್ಯಾರೇಜಿನೊಳಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಪ್ರಾಣಕ್ಕೇ ಕುತ್ತು.
* ಪೆಟ್ರೋಲ್ ತುಂಬಿಸುವುದು ಎಂಜಿನ್ ತಣಿದ ಮೇಲೆ, ಬಯಲಲ್ಲಿ. ಅಡುಗೆಮನೆ, ದೇವರ ದೀಪದ ಹತ್ತಿರ ಪೆಟ್ರೋಲ್ ಕ್ಯಾನ್ ಇಡಬೇಡಿ.

ಓಡಿಸುವುದು ಹೀಗೆ

ನಮ್ಮದು ಮುರಕಲ್ಲಿನ ಕೆಂಪು ಮಣ್ಣು. ಬಿಸಿಲಿಗೆ ಒಣಗಿದರೆ ಸಿಮೆಂಟಿನಂತೆ, ಹೆಚ್ಚು ನೆನೆದರೆ ಬ್ಲೇಡಿಗೆ ಮೆತ್ತಿಕೊಳ್ಳುವ ಮುದ್ದೆ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಬೆರಳಿನಿಂದ ಮೆಲ್ಲಗೆ ಒತ್ತಿ. ಪುಡಿಯಾದರೆ ಹದ ಬಂದಿದೆ. ಉಂಡೆ ಅಂಟಿಯೇ ಇದ್ದರೆ ಎರಡು ದಿನ ಕಾಯಿರಿ. ಉಂಡೆಯೇ ಆಗದಿದ್ದರೆ ಹಿಂದಿನ ಸಂಜೆ ನೀರು ಹಾಯಿಸಿ. ದೊಡ್ಡ ಕಲ್ಲುಗಳನ್ನು ಮೊದಲೇ ಹೆಕ್ಕಿಬಿಡಿ.

ಯಂತ್ರವನ್ನು ಸಮತಟ್ಟು ಜಾಗದಲ್ಲಿಟ್ಟು ಆಯಿಲ್ ನೋಡಿ. ಪೆಟ್ರೋಲ್ ಕಾಕ್ ತೆರೆಯಿರಿ, ಚೋಕ್ ಮುಚ್ಚಿ, ಆಕ್ಸಿಲರೇಟರ್ ಅರ್ಧಕ್ಕಿಡಿ. ಹಗ್ಗವನ್ನು ಬಿಗಿ ಸಿಗುವವರೆಗೆ ಮೆಲ್ಲಗೆ, ಆಮೇಲೆ ಒಂದೇ ಉಸಿರಿಗೆ ಎಳೆಯಿರಿ. ಇಲ್ಲಿ ಬೇಕಾದದ್ದು ಬಲವಲ್ಲ, ಬಾವಿಯಿಂದ ಕೊಡ ಎಳೆಯುವಾಗ ಇರುವಂಥ ಹದ. ಹಗ್ಗವನ್ನು ಪಟ್ಟನೆ ಬಿಡದೆ ಕೈಯಲ್ಲೇ ಹಿಂದಕ್ಕೆ ಕಳಿಸಿ. ಎಂಜಿನ್ ಹಿಡಿದ ಮೇಲೆ ನಿಧಾನವಾಗಿ ಚೋಕ್ ತೆರೆಯಿರಿ.

ಮೊದಲ ಸುತ್ತಿಗೆ ಎರಡು-ಮೂರು ಇಂಚು ಆಳ ಸಾಕು, ಎರಡನೇ ಸುತ್ತಿಗೆ ಇನ್ನಷ್ಟು. ಮೊದಲ ಸಲವೇ ಆಳಕ್ಕೆ ಹೊರಟರೆ ಯಂತ್ರ ಕುಣಿಯುತ್ತದೆ, ಮರುದಿನ ನಿಮ್ಮ ಭುಜ ಅಳುತ್ತದೆ! ತೆಂಗಿನ ಬುಡಕ್ಕೆ ಹೋಗಬೇಡಿ, ಬೇರು ಕಡಿಯುತ್ತದೆ. ಇಳಿಜಾರನ್ನೂ ಬಿಟ್ಟುಬಿಡಿ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಸಡಿಲ ಮಾಡಿಟ್ಟ ಇಳಿಜಾರಿನ ಮಣ್ಣು ಜೂನ್‌ನಲ್ಲಿ ನೇರ ಚರಂಡಿಗೆ ಹೋಗುತ್ತದೆ.

ಹಟ ಹಿಡಿದರೆ ಏನು ಮಾಡಬೇಕು?

ಏನೇ ಮುಟ್ಟುವ ಮೊದಲು ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಎಳೆದು ತೆಗೆಯಿರಿ. ಬ್ಲೇಡಿಗೆ ಸುತ್ತಿದ ಬಳ್ಳಿ ಬಿಡಿಸುವಾಗಲಂತೂ ಇದು ಕಡ್ಡಾಯ.

* ಸ್ಟಾರ್ಟ್ ಆಗುತ್ತಿಲ್ಲವೇ? ಸ್ವಿಚ್, ಪೆಟ್ರೋಲ್ ಕಾಕ್ ಮತ್ತೊಮ್ಮೆ ನೋಡಿ. ಪ್ಲಗ್ ಪಾನದಿಂದ ಪ್ಲಗ್ ಬಿಚ್ಚಿ. ಕಪ್ಪು ಮಸಿ ಹಿಡಿದಿದ್ದರೆ ಬ್ರಶ್‌ನಿಂದ ಉಜ್ಜಿ. ಅದರ ತುದಿಯ ಸಂದು ಸುಮಾರು 0.7 ಮಿ.ಮೀ. ಇರಬೇಕು.
* ಪ್ಲಗ್ ಒದ್ದೆಯಾಗಿ ಪೆಟ್ರೋಲ್ ನಾರುತ್ತಿದೆಯೇ? ಪೆಟ್ರೋಲ್ ಹೆಚ್ಚಾಗಿದೆ. ಕಾಕ್ ಮುಚ್ಚಿ, ಪ್ಲಗ್ ಒರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ಚೋಕ್ ತೆರೆದೇ ಹಗ್ಗ ಎಳೆಯಿರಿ.
* ಪ್ಲಗ್ ಪೂರ್ತಿ ಒಣಗಿದೆಯೇ? ಪೆಟ್ರೋಲ್ ಎಂಜಿನ್ ತಲುಪುತ್ತಿಲ್ಲ. ಹಳೆ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್‌ನಲ್ಲಿ ಕೂತಿರಬಹುದು.
* ಐದು ನಿಮಿಷ ಓಡಿ ನಿಲ್ಲುತ್ತದೆಯೇ? ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದೆಯೇ ನೋಡಿ.
* ಕಪ್ಪು ಹೊಗೆಯೇ? ಚೋಕ್ ಮುಚ್ಚಿಯೇ ಉಳಿದಿರಬಹುದು, ಇಲ್ಲವೇ ಏರ್ ಫಿಲ್ಟರ್ ಕಟ್ಟಿರಬಹುದು. ಸ್ಪಂಜಿನದಾದರೆ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಎರಡು ಹನಿ ಎಂಜಿನ್ ಆಯಿಲ್ ಸವರಿ ಹಿಂಡಿ ಹಾಕಿ. ಕಾಗದದ್ದನ್ನು ತೊಳೆಯಬಾರದು, ಮೆಲ್ಲಗೆ ಕೊಡವಿ.
* ಎಂಜಿನ್ ಓಡಿದರೂ ಬ್ಲೇಡ್ ತಿರುಗುತ್ತಿಲ್ಲವೇ? ಬ್ಲೇಡಿನ ನಡುವೆ ಕಲ್ಲು ಸಿಕ್ಕಿರಬಹುದು, ಕ್ಲಚ್ ವಯರ್ ಅಥವಾ ಬೆಲ್ಟ್ ಸಡಿಲವಾಗಿರಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಮೆಕ್ಯಾನಿಕ್ ಬಳಿ ಒಯ್ಯಿರಿ. ಆದರೆ "ಪ್ಲಗ್ ಒಣಗಿದೆ, ಪೆಟ್ರೋಲ್ ಬರ್ತಿಲ್ಲ" ಎಂದು ಹೇಳಿಯೇ ಕೊಡಿ. ದೋಷ ಗೊತ್ತಿರುವವರಿಗೆ ಇಲ್ಲದ ರಿಪೇರಿಯ ಬಿಲ್ ಕೊಡುವುದು ಅಷ್ಟು ಸುಲಭವಲ್ಲ!

ಪತ್ತನಾಜೆಗೆ ಮಲಗಿಸಿ, ಆಯುಧ ಪೂಜೆಗೆ ಎಬ್ಬಿಸಿ

ಮೇ 24-25ರ ಹೊತ್ತಿಗೆ ಬರುವ ಪತ್ತನಾಜೆಗೆ ತುಳುನಾಡಿನಲ್ಲಿ ಕೋಲ, ನೇಮ ನಿಲ್ಲುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಉಳುಮೆ ಮುಗಿದ ನಿಮ್ಮ ಟಿಲ್ಲರ್‌ಗೂ ಅದೇ ದಿನ ವಿಶ್ರಾಂತಿ ಎಂದಿಟ್ಟುಕೊಳ್ಳಿ, ಮರೆತುಹೋಗುವುದಿಲ್ಲ.

ಯಾಕಿಷ್ಟು ಅವಸರ ಅಂತೀರಾ? 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾಯಿತು. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಹಪ್ಪಳದ ಡಬ್ಬ ಒಂದು ರಾತ್ರಿ ತೆರೆದಿಟ್ಟರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕೇ? ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿಗೂ ಅದೇ ಗತಿ. ನೀರು ಸೇರಿ, ತುಕ್ಕು ಹಿಡಿದು, ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಆಯಿಲ್ ಬೆರೆಸದ ಪೆಟ್ರೋಲ್ ಆಗಿದ್ದರೆ ಸ್ಕೂಟರಿಗೆ ಹಾಕಿಬಿಡಿ, ಚರಂಡಿಗೆ ಚೆಲ್ಲಬೇಡಿ. ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ತಣಿದ ಮೇಲೆ ಪ್ಲಗ್ ಬಿಚ್ಚಿ ಒಂದು ಟೀ ಚಮಚ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಬಾರಿ ಮೆಲ್ಲಗೆ ಎಳೆದು ಪ್ಲಗ್ ಹಾಕಿ. ಬ್ಲೇಡಿನ ಮಣ್ಣು ಕೆರೆದು ಎಣ್ಣೆ ಸವರಿ. ನೆಲದ ಮೇಲಲ್ಲ, ಹಲಗೆಯ ಮೇಲಿಟ್ಟು ಬಟ್ಟೆ ಹೊದೆಸಿ. ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರುತ್ತದೆ.

ನವರಾತ್ರಿಯ ಆಯುಧ ಪೂಜೆಯ ಮುಂಚಿನ ದಿನ ಎಬ್ಬಿಸಿ. ಫೋರ್ ಸ್ಟ್ರೋಕ್ ಆದರೆ ಹೊಸ ಆಯಿಲ್, ಎರಡಕ್ಕೂ ಹೊಸ ಪೆಟ್ರೋಲ್. ಹೂ ಇಟ್ಟು, ಕುಂಕುಮ ಹಚ್ಚಿ ಬಿಟ್ಟರೆ ಸಾಲದು, ಹಗ್ಗ ಎಳೆದು ಸ್ಟಾರ್ಟ್ ಮಾಡಿ ನೋಡಿ. ಮಳೆ ಬಿಟ್ಟ ಮೇಲಿನ ಹರಿವೆ, ಅಲಸಂಡೆ, ಸೌತೆಯ ಸಾಲಿಗೆ ಆಗ ಮಣ್ಣು ಸಿದ್ಧವಾಗಬೇಕಲ್ಲ!

ಒಂದು ಮಾತು ಕೊನೆಗೆ. ಯಂತ್ರದ ಪುಸ್ತಕವನ್ನು ಮನೆಯವರ ಕಪಾಟಿನಲ್ಲಲ್ಲ, ನಿಮ್ಮ ಅಡುಗೆ ಪುಸ್ತಕದ ಪಕ್ಕದಲ್ಲೇ ಇಡಿ. ಆಯಿಲ್ ಬದಲಿಸಿದ ದಿನವನ್ನು ಗ್ಯಾಸ್ ಸಿಲಿಂಡರ್ ಬಂದ ದಿನದಂತೆ ಕ್ಯಾಲೆಂಡರಿನಲ್ಲೇ ಬರೆದಿಡಿ. ಮುಂದಿನ ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿಸಿದಾಗ ಯಾರ ಪುರುಸೊತ್ತಿಗೂ ಕಾಯಬೇಕಾಗಿಲ್ಲ. ಏನಂತೀರಿ?