ಜ್ವರದಲ್ಲಿ ಮಗುವಿಗೆ ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ

ಸಂಜೆಯವರೆಗೂ ಆಡಿಕೊಂಡಿದ್ದ ಮಗು. ಊಟದ ಹೊತ್ತಿಗೆ ಮುಟ್ಟಿದರೆ ಮೈ ಕಾದ ಕಾವಲಿಯಂತೆ ಸುಡುತ್ತಿದೆ. 'ಹಲ್ಲು ಬರ್ತಿರಬೇಕು ಬಿಡು' ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ನೀವು ಒಳಗೆ ಹೋಗಿ ಸಿರಪ್ ಹುಡುಕಿ ತರುವಷ್ಟರಲ್ಲಿ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಹೋಗಿದೆ, ಕೈಕಾಲು ಸೆಟೆದು ಅದುರುತ್ತಿವೆ, ಬಾಯಲ್ಲಿ ನೊರೆ. ಕರೆದರೆ ಓಗೊಡುತ್ತಿಲ್ಲ. 'ಅಯ್ಯೋ, ನನ್ನ ಮಗು ಕೈತಪ್ಪಿ ಹೋಯ್ತು' ಅಂತ ಯಾವ ತಾಯಿಗೂ ಅನ್ನಿಸುವ ಹೊತ್ತು ಅದು.

ಆ ಹೊತ್ತಿನಲ್ಲಿ ಏನೂ ಓದಲು ಆಗುವುದಿಲ್ಲ. ಅದಕ್ಕೇ ಈಗಲೇ ಓದಿಟ್ಟುಕೊಳ್ಳಿ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಜ್ವರದ ಜೊತೆಗೆ ಇಂಥ ಸೆಳೆತ ಬರುವುದುಂಟು. ಸಾಮಾನ್ಯವಾಗಿ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಹೀಗಾಗುತ್ತದೆ. ನೋಡಲು ಭಯಂಕರವಾಗಿದ್ದರೂ ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿಯೇ ನಿಲ್ಲುತ್ತವೆ.

ಆಗ ಮಾಡಬೇಕಾದ್ದು ಇಷ್ಟು:

* ಗಡಿಯಾರ ನೋಡಿ. ನಿಮಗೆ ಒಂದು ಗಂಟೆ ಅನ್ನಿಸಿದ್ದು ಎರಡೇ ನಿಮಿಷ ಇರಬಹುದು. ಡಾಕ್ಟರು ಕೇಳುವ ಮೊದಲ ಪ್ರಶ್ನೆಯೂ ಅದೇ.
* ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ.
* ಕತ್ತಿನ ಸುತ್ತ ಬಟ್ಟೆ ಸಡಿಲಿಸಿ. ಸುತ್ತ ಇರುವ ಗಟ್ಟಿ ಸಾಮಾನು ಸರಿಸಿ.
* ಮನೆಯವರಲ್ಲಿ ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಲಿ. ಡಾಕ್ಟರಿಗೆ ಬಹಳ ಉಪಯೋಗ.

ಮಾಡಬಾರದ್ದೂ ಇದೆ. 'ನಾಲಿಗೆ ಕಚ್ಕೊಳ್ಳತ್ತೆ' ಅಂತ ಬಾಯಿಗೆ ಚಮಚ, ಬೆರಳು ತುರುಕಬೇಡಿ. ಹಲ್ಲು ಮುರಿದು ಉಸಿರುನಾಳಕ್ಕೆ ಹೋಗಬಹುದು. ನೀರು, ಸಿರಪ್ ಯಾವುದನ್ನೂ ಹಾಕಬೇಡಿ. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಕೈಗೆ ಬೀಗದ ಕೀ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ನಿಲ್ಲುವ ಹೊತ್ತಿಗೆ ತಾನೇ ನಿಂತಿರುತ್ತದೆ, ಹೆಸರು ಮಾತ್ರ ಕೀಲಿಕೈಗೆ ಬಂದಿರುತ್ತದೆ!

ಐದು ನಿಮಿಷವಾದರೂ ನಿಲ್ಲದಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ, ನಿಂತು ಮತ್ತೆ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಫಿಟ್ಸ್ ಬೇಗ ನಿಂತರೂ, ಮೊದಲ ಸಲವಾದರೆ ಅಂದೇ ಡಾಕ್ಟರಿಗೆ ತೋರಿಸಲೇಬೇಕು. ಮಿದುಳಿನ ಸೋಂಕಲ್ಲ ಎಂಬುದು ಖಾತ್ರಿಯಾಗಬೇಕಲ್ಲ? ಫಿಟ್ಸ್ ಆದ ಮೇಲೆ ಮಗು ಸ್ವಲ್ಪ ಹೊತ್ತು ನಿದ್ದೆ ಮಾಡುವುದು ಸಹಜ. ಆದರೆ ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಕುತ್ತಿಗೆ ಬಿಗಿದಿದ್ದರೆ, ದೇಹದ ಒಂದೇ ಭಾಗ ಅದುರಿದ್ದರೆ ಅಥವಾ ಮಗುವಿಗೆ ಆರು ತಿಂಗಳೂ ತುಂಬಿಲ್ಲದಿದ್ದರೆ ನೇರ ಆಸ್ಪತ್ರೆಗೆ ಹೊರಡಿ.

ಮಗು ಮನೆಗೆ ಬಂದ ಮೇಲೆ ಇನ್ನೊಂದು ಸಂಕಟ ಶುರು. 'ನೀನು ಆಗಲೇ ಔಷಧಿ ಹಾಕಿದ್ದಿದ್ರೆ ಹೀಗಾಗ್ತಿತ್ತಾ?' ಎಂದು ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಯಾರೂ ಅನ್ನದಿದ್ದರೆ ನಿಮ್ಮ ಮನಸ್ಸೇ ಅನ್ನುತ್ತದೆ. ಕೇಳಿ, ಪ್ಯಾರಾಸಿಟಮಾಲ್ ಮಗುವಿನ ಮೈಕೈ ನೋವು, ಸಂಕಟ ಕಡಿಮೆ ಮಾಡುತ್ತದೆಯೇ ಹೊರತು ಫಿಟ್ಸ್ ಬಾರದಂತೆ ತಡೆಯುವುದಿಲ್ಲ. ಎಷ್ಟೋ ಸಲ ಜ್ವರ ಬಂದಿದೆ ಎಂದು ಮನೆಯವರಿಗೆ ತಿಳಿಯುವ ಮುಂಚೆಯೇ ಫಿಟ್ಸ್ ಬಂದುಬಿಡುತ್ತದೆ. ಇದರಲ್ಲಿ ನಿಮ್ಮ ತಪ್ಪಿಲ್ಲ. ಕೆಲವು ಮನೆತನಗಳಲ್ಲಿ ಇದು ವಂಶದಲ್ಲೇ ಇರುತ್ತದೆ. ನಿಮ್ಮ ಯಜಮಾನರಿಗೆ ಚಿಕ್ಕಂದಿನಲ್ಲಿ ಹೀಗಾಗಿತ್ತೇ ಎಂದು ಅತ್ತೆಯವರನ್ನೇ ಕೇಳಿ ನೋಡಿ!

ಮೂವರಲ್ಲಿ ಒಂದು ಮಗುವಿಗೆ ಮುಂದಿನ ಜ್ವರಗಳಲ್ಲಿ ಇದು ಮರುಕಳಿಸಬಹುದು. ಆದರೆ ಚಿಕ್ಕದಾಗಿ ಬಂದುಹೋಗುವ ಜ್ವರದ ಫಿಟ್ಸ್‌ನಿಂದ ಬುದ್ಧಿಗೆ, ಓದಿಗೆ ಧಕ್ಕೆಯಿಲ್ಲ. ಬಹುಪಾಲು ಮಕ್ಕಳಿಗೆ ಮುಂದೆ ಮೂರ್ಛೆರೋಗ ಬರುವುದೂ ಇಲ್ಲ. ಹೆದರಿ ಲಸಿಕೆ ನಿಲ್ಲಿಸಬೇಡಿ, ಡಾಕ್ಟರಿಗೆ ವಿಷಯ ತಿಳಿಸಿ ಹಾಕಿಸಿ.

ಇವತ್ತೇ ಒಂದು ಕೆಲಸ ಮಾಡಿ. ಒಂದು ಚೀಟಿಯಲ್ಲಿ 108, ಮಕ್ಕಳ ಡಾಕ್ಟರ ನಂಬರು ಮತ್ತು 'ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಬೇಡ, ಗಡಿಯಾರ ನೋಡಿ' ಎಂದು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಅತ್ತೆ, ಕೆಲಸದಾಕೆ, ಪ್ಲೇಹೋಮ್ ಟೀಚರ್ ಎಲ್ಲರಿಗೂ ಹೇಳಿಕೊಡಿ. ಮಗುವಿಗೆ ಜ್ವರ ಬಂದ ಹೊತ್ತಲ್ಲಿ ನೀವು ಮಾರ್ಕೆಟ್ಟಿಗೆ ಹೋಗಿರಬಹುದಲ್ಲ!