ಮನೆ ಬಾಡಿಗೆಯ ದಲಾಲಿ: ಬಾಡಿಗೆದಾರನ ದೃಷ್ಟಿಯಿಂದ ಒಂದು ವಿವೇಚನೆ

ಸಾರವಾಡ, ತಿಕೋಟಾ, ಬಬಲೇಶ್ವರ ಮೊದಲಾದ ಊರುಗಳಿಂದ ವಿದ್ಯಾಭ್ಯಾಸಕ್ಕಾಗಿಯೋ ನೌಕರಿಗಾಗಿಯೋ ವಿಜಯಪುರ ನಗರಕ್ಕೆ ಬರುವವರಿಗೆ ಮೊದಲು ಎದುರಾಗುವ ಪ್ರಶ್ನೆ ವಸತಿಯದು. ಹಳ್ಳಿಯಲ್ಲಿ ಹೊಸದಾಗಿ ಬಂದ ಶಿಕ್ಷಕನಿಗೆ ಮನೆ ಬೇಕಾದರೆ ಊರ ಹಿರಿಯರೊಬ್ಬರ ಮಾತು ಸಾಕಾಗುತ್ತದೆ. ಮಾತು ಕೊಟ್ಟವರ ಮರ್ಯಾದೆಯೇ ಅಲ್ಲಿ ಜಾಮೀನು. ನಗರದಲ್ಲಿ ಈ ಸ್ಥಾನವನ್ನು ದಲಾಲನು ಆಕ್ರಮಿಸಿಕೊಂಡಿದ್ದಾನೆ. ಅವನು ಯಾರ ಪರವಾಗಿ ದುಡಿಯುತ್ತಾನೆ, ಅವನ ವಿಷಯದಲ್ಲಿ ಕಾಯಿದೆ ಏನೆನ್ನುತ್ತದೆ ಎಂಬುದನ್ನು ಚಾರಿತ್ರಿಕ ಕ್ರಮದಲ್ಲಿ ವಿವೇಚಿಸಲು ನಾವು ಇಲ್ಲಿ ಯತ್ನಿಸಿದ್ದೇವೆ.

ಮೊದಲು ಪದವನ್ನೇ ಗಮನಿಸೋಣ. ‘ದಲಾಲ’ ಎಂಬುದು ಅರಬ್ಬೀ ಮೂಲದ ಶಬ್ದ. ದಾರಿ ತೋರಿಸುವವನೆಂಬುದು ಅದರ ಮೂಲಾರ್ಥ. ಬಾಡಿಗೆಯ ವ್ಯವಹಾರದಲ್ಲಿ ನಾವು ನಿತ್ಯ ಬಳಸುವ ಕರಾರು, ಜಾಮೀನು, ಮಾಲೀಕ, ಖಾಲಿ ಎಂಬ ಮಾತುಗಳೂ ಅದೇ ಮೂಲದವು. ಅಂದರೆ ದಾರಿ ತೋರಿಸುವುದಷ್ಟೇ ಅವನ ಕೆಲಸ. ದಾರಿಯ ಸುರಕ್ಷತೆಗೆ ಅವನು ಹೊಣೆಯೆಂಬ ಭಾವ ಆ ಪದದಲ್ಲಿಲ್ಲ.

ವಿಜಯಪುರದಲ್ಲಿ ಪರಸ್ಥಳದ ನೌಕರರ ವಸತಿಯ ಪ್ರಶ್ನೆಗೆ ಮಹತ್ತ್ವ ಬಂದುದು 1885ರ ತರುವಾಯ. ಆ ವರ್ಷ ಜಿಲ್ಲೆಯ ಮುಖ್ಯ ಸ್ಥಳ ಕಲಾದಗಿಯಿಂದ ಅಂದಿನ ಬಿಜಾಪುರಕ್ಕೆ ಬದಲಾಯಿತು. ಬ್ರಿಟಿಷ್ ಸರಕಾರವು ಆದಿಲಶಾಹಿ ಕಾಲದ ಹಲವು ಕಟ್ಟಡಗಳನ್ನೇ ಕಚೇರಿಗಳನ್ನಾಗಿಯೂ ಅಧಿಕಾರಿಗಳ ವಸತಿಗಳನ್ನಾಗಿಯೂ ಮಾರ್ಪಡಿಸಿಕೊಂಡಿತು. ಆದರೆ ಕಾರಕೂನರಿಗೂ ಶಿಕ್ಷಕರಿಗೂ ಅಂಥ ಮಹಲುಗಳು ದೊರೆಯುವಂತಿರಲಿಲ್ಲ; ಅವರು ಊರವರ ಮನೆಗಳಲ್ಲಿಯೇ ಬಾಡಿಗೆಗೆ ನೆಲಸಬೇಕಾಗಿದ್ದಿತೆಂದು ಊಹಿಸುವುದು ಅಸಂಗತವಾಗಲಾರದು.

ಬಾಡಿಗೆಯ ನಿಯಂತ್ರಣಕ್ಕಾಗಿ ನಂತರ ಬಂದ ಕಾಯಿದೆಗಳಲ್ಲಿ ಮಧ್ಯವರ್ತಿಯನ್ನು ಕುರಿತ ಧೋರಣೆ ಮೂರು ಬಗೆಯಾಗಿ ಬದಲಾದುದು ಗಮನಾರ್ಹ. ಈ ಜಿಲ್ಲೆ ಆಗ ಸೇರಿದ್ದ ಮುಂಬಯಿ ಪ್ರಾಂತದ 1947ರ ಕಾಯಿದೆಯು, ಮನೆಯೊಡೆಯನು ಬಾಡಿಗೆಯಲ್ಲದೆ ಪಗಡಿಯಂಥ ಹಣ ತೆಗೆದುಕೊಳ್ಳುವುದನ್ನು ಅಪರಾಧವೆಂದು ಸಾರಿತು. ತಾನಾಗಿ ತೆಗೆದುಕೊಂಡರೂ ಸರಿ, ತನ್ನ ಪರವಾಗಿ ವರ್ತಿಸುವ ಇನ್ನೊಬ್ಬನ ಮೂಲಕ ತೆಗೆದುಕೊಂಡರೂ ಸರಿ. ಇಲ್ಲಿ ಮಧ್ಯವರ್ತಿಯು ಒಡೆಯನ ಕೈ ಮಾತ್ರ. ರಾಜ್ಯ ಪುನರ್ರಚನೆಯ ಬಳಿಕ ಬಂದ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆಯು ಇನ್ನೂ ಮುಂದೆ ಹೋಯಿತು. ಅದು ಅನ್ವಯಿಸುವ ಪಟ್ಟಣಗಳಲ್ಲಿ ಮನೆ ತೆರವಾದ ಸಂಗತಿಯನ್ನು ಒಡೆಯನು ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಆ ಮನೆ ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಅಧಿಕಾರಿಯು ಗೊತ್ತುಪಡಿಸಬಹುದು. ಅಂದರೆ ಸರಕಾರವು ತಾನೇ ಮಧ್ಯವರ್ತಿಯಾಯಿತು. 1999ರ ಕರ್ನಾಟಕ ಬಾಡಿಗೆ ಕಾಯಿದೆಯು 2001ರ ಕೊನೆಯಲ್ಲಿ ಜಾರಿಗೆ ಬಂದು ಹಿಂದಿನದನ್ನು ರದ್ದುಪಡಿಸಿತು. ಇದು ದಲಾಲನನ್ನು ಒಂದು ಉದ್ಯೋಗಸ್ಥನೆಂದು ಒಪ್ಪಿ, ಅವನು ನಿಯಂತ್ರಣಾಧಿಕಾರಿಯಲ್ಲಿ ಹೆಸರು ನೋಂದಾಯಿಸತಕ್ಕದ್ದೆಂದು ವಿಧಿಸಿತು.

ಮೇಲುನೋಟಕ್ಕೆ ಬಾಡಿಗೆದಾರನಿಗೆ ಇದರಿಂದ ರಕ್ಷಣೆ ದೊರೆತಂತೆ ಕಾಣುತ್ತದೆ. ಆದರೆ ಅದೇ ಕಾಯಿದೆಯಲ್ಲಿ ಒಂದು ಮಿತಿಯುಂಟು. ಊರಿನ ದರ್ಜೆಗನುಸಾರ ತಿಂಗಳಿಗೆ 3,500 ಅಥವಾ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆ ಗೊತ್ತಾದ ವಾಸದ ಮನೆಗಳು ಅದರ ವ್ಯಾಪ್ತಿಯ ಹೊರಗೆ ನಿಲ್ಲುತ್ತವೆ. ಬಾಡಿಗೆ ಏರಿದಂತೆಲ್ಲ ಮನೆಗಳು ಕಾಯಿದೆಯ ಆಶ್ರಯದಿಂದ ಜಾರುತ್ತ ಬಂದಿವೆ. ಸ್ಥಿರಾಸ್ತಿ ದಲಾಲರನ್ನು ನೋಂದಾಯಿಸುವ 2016ರ ಕೇಂದ್ರ ಕಾಯಿದೆಯಾದರೂ ಕ್ರಯ ವಿಕ್ರಯಕ್ಕೆ ಸಂಬಂಧಿಸಿದುದೇ ಹೊರತು ಬಾಡಿಗೆಗಲ್ಲ.

ಹಾಗಾದರೆ ಉಳಿಯುವ ಆಧಾರವೇನು? ಹಳೆಯ ಸಾಮಾನ್ಯ ಕಾಯಿದೆಗಳು ಮತ್ತು ಬಾಡಿಗೆದಾರನು ತಾನೇ ಬರೆಸಿಕೊಂಡ ಕರಾರು. 1872ರ ಕರಾರು ಕಾಯಿದೆಯ ಪ್ರಕಾರ, ಒಬ್ಬನ ಪರವಾಗಿ ಮೂರನೆಯವರೊಡನೆ ವ್ಯವಹರಿಸಲು ನಿಯುಕ್ತನಾದವನು ಅವನ ಪ್ರತಿನಿಧಿ. ದಲಾಲನು ಹಲವೊಮ್ಮೆ ಎರಡೂ ಕಡೆಯಿಂದ ದಲಾಲಿ ಪಡೆಯುತ್ತಾನೆ. ಹಣ ಕೊಟ್ಟ ಮಾತ್ರಕ್ಕೆ ಅವನು ತನ್ನವನೆಂದು ಬಾಡಿಗೆದಾರನು ಭಾವಿಸುತ್ತಾನೆ. ಒಡೆಯನೂ ಹಾಗೆಯೇ ಭಾವಿಸುತ್ತಾನೆ. ಈ ಸಂದಿಗ್ಧತೆಯ ಪರಿಣಾಮ ಠೇವಣಿಯ ಸಂದರ್ಭದಲ್ಲಿ ಪ್ರಕಟವಾಗುತ್ತದೆ. ದಲಾಲನ ಕೈಗೆ ಕೊಟ್ಟ ಠೇವಣಿಯು ಒಡೆಯನಿಗೆ ಸಂದಂತಾಗಬೇಕಾದರೆ, ಹಣ ಸ್ವೀಕರಿಸುವ ಅಧಿಕಾರವನ್ನು ಒಡೆಯನು ಅವನಿಗೆ ಕೊಟ್ಟಿರಬೇಕು, ಇಲ್ಲವೆ ಕೊಟ್ಟಿರುವಂತೆ ತನ್ನ ನಡೆನುಡಿಯಿಂದ ನಂಬಿಸಿರಬೇಕು. ಎರಡೂ ಇಲ್ಲದಿದ್ದರೆ ‘ನನಗೆ ಮುಟ್ಟಿಲ್ಲ’ವೆಂಬ ಒಡೆಯನ ಮಾತಿಗೆ ಉತ್ತರ ಹೇಳುವುದು ಕಷ್ಟ.

ಹನ್ನೊಂದು ತಿಂಗಳ ಕರಾರಿನ ರೂಢಿಗೂ ಕಾರಣವುಂಟು. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ವೆಚ್ಚ, ತೊಂದರೆಗಳನ್ನು ತಪ್ಪಿಸಲು ಹನ್ನೊಂದು ತಿಂಗಳು. ವರ್ಷ ವರ್ಷ ಕರಾರು ಹೊಸದಾದಾಗ ಮತ್ತೆ ದಲಾಲಿ ಕೇಳುವವರೂ ಉಂಟು. ಅದಕ್ಕೆ ಮೊದಲೇ ಒಪ್ಪಿಕೊಂಡಿಲ್ಲದಿದ್ದರೆ ಕೊಡಬೇಕಾದ ಹಂಗಿಲ್ಲ. ಇನ್ನು 1882ರ ಸ್ವತ್ತು ಹಸ್ತಾಂತರ ಕಾಯಿದೆಯಂತೆ, ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಹದಿನೈದು ದಿನಗಳ ಸೂಚನೆಯಿಂದ ಕೊನೆಗಾಣಿಸಬಹುದು. ಪರೀಕ್ಷೆಯ ಹೊತ್ತಿನಲ್ಲಿ ಮನೆ ಬಿಡಬೇಕಾಗಿ ಬರುವ ವಿದ್ಯಾರ್ಥಿಗೆ ಹದಿನೈದು ದಿನಗಳೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಸೂಚನೆಯ ಅವಧಿಯನ್ನು ಕರಾರಿನಲ್ಲಿಯೇ ಬರೆಸುವುದು ಲೇಸು. ಠೇವಣಿಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕುವ ಮಾದರಿ ಕಾಯಿದೆಗೆ ಕೇಂದ್ರ ಸಚಿವ ಸಂಪುಟವು 2021ರಲ್ಲಿ ಒಪ್ಪಿಗೆ ಕೊಟ್ಟಿತಾದರೂ, ಅದು ಮಾದರಿ ಮಾತ್ರ. ರಾಜ್ಯವು ಅಂಗೀಕರಿಸಿದಲ್ಲಿಯೇ ಅದಕ್ಕೆ ಬಲ.

ಈ ವಿವೇಚನೆಯಿಂದ ಫಲಿಸುವ ಅಂಶಗಳನ್ನು ಸಂಗ್ರಹಿಸಬಹುದು. ಮನೆಯನ್ನು ಕಣ್ಣಾರೆ ನೋಡಿ ಒಡೆಯನನ್ನು ಭೇಟಿಯಾಗುವ ಮುನ್ನ ಹಣ ಕೊಡಲಾಗದು. ಮನೆ ಅವನದೇ ಎಂಬುದಕ್ಕೆ ತೆರಿಗೆಯ ರಶೀದಿಯನ್ನಾದರೂ ಕೇಳಿ ನೋಡಬೇಕು. ಠೇವಣಿಯನ್ನು ಒಡೆಯನಿಗೇ ಸಲ್ಲಿಸಿ ಅವನ ಸಹಿಯ ರಶೀದಿ ಪಡೆಯಬೇಕು. ದಲಾಲಿಗೆ ಪ್ರತ್ಯೇಕ ರಶೀದಿ ಇರಬೇಕು. ಠೇವಣಿ ಯಾವಾಗ ಹಿಂದಿರುಗುವುದು, ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುವುದು ಎಂಬುದು ಕರಾರಿನಲ್ಲಿರಬೇಕು. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ 1882ರ ಕಾಯಿದೆಯು ಬಾಡಿಗೆದಾರನನ್ನು ಹೊಣೆ ಮಾಡುವುದಿಲ್ಲ.

ಡೋಣಿ ಸೀಮೆಯ ಒಕ್ಕಲು ಮನೆತನಗಳಲ್ಲಿ ಮಗನ ಅಥವಾ ಮಗಳ ಖೋಲಿಯ ಠೇವಣಿ ಎಷ್ಟೋ ಸಲ ಆ ವರ್ಷದ ಜೋಳದ ಹಣವೇ ಆಗಿರುತ್ತದೆ. ಕಾಲೇಜಿನ ಪ್ರವೇಶದ ದಿನಗಳಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಈ ನಾಲ್ಕು ಮಾತುಗಳನ್ನು ತಿಳಿಸಿದರೆ, ಹಳ್ಳಿಯಲ್ಲಿ ಹಿರಿಯರ ಮಾತಿನಿಂದ ದೊರೆಯುತ್ತಿದ್ದ ಜಾಮೀನಿನ ಒಂದಂಶವಾದರೂ ನಗರದಲ್ಲಿ ಬರಹದ ರೂಪದಲ್ಲಿ ಅವರಿಗೆ ದೊರೆತೀತೆಂದು ನಮ್ಮ ನಂಬಿಕೆ.